ಯಕೃತ್ತಿನ ರೋಗಿಯ ಐಎನ್‌ಆರ್ ಏರಿದಾಗ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಯಕೃತ್ತಿನ ಕಾಯಿಲೆ ಬಲಿತವರಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳೆಲ್ಲವೂ ಸಹಜ ಮಿತಿಯೊಳಗೆ ಬರುವುದು ಅಪರೂಪ. ಪ್ರೋಥ್ರಾಂಬಿನ್ ಟೈಮ್, ಅಂದರೆ ಪಿಟಿ, 22 ಸೆಕೆಂಡ್, ಅದನ್ನೇ ಪ್ರಯೋಗಾಲಯಗಳ ನಡುವೆ ಹೋಲಿಸಬಹುದಾದ ಅನುಪಾತಕ್ಕೆ ತಿರುಗಿಸಿದ ಐಎನ್‌ಆರ್ 1.9, ಪ್ಲೇಟ್‌ಲೆಟ್ 58,000 ಎಂಬ ವರದಿ ಕೈಗೆ ಬಂದೊಡನೆ ವಾರ್ಡಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ರಕ್ತನಿಧಿಗೆ ನಾಲ್ಕು ಯೂನಿಟ್ ಪ್ಲಾಸ್ಮಾ ಬೇಕೆಂದು ಚೀಟಿ ಹೋಗುತ್ತದೆ, ಹೊಟ್ಟೆಯ ನೀರು ತೆಗೆಯುವ ಕೆಲಸ ನಾಳೆಗೆ ಹೋಗುತ್ತದೆ, ರೋಗಿಯ ಕಡೆಯವರಿಗೆ ‘ರಕ್ತ ತೆಳುವಾಗಿದೆ’ ಎಂದು ಹೇಳಲಾಗುತ್ತದೆ. ಆ ಅಂಕಿ ಏಕೆ ಏರಿತು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ರಾತ್ರಿ ಪಾಳಿಯಲ್ಲಿರುವ ಕಿರಿಯ ವೈದ್ಯರು, ಪ್ರಯೋಗಾಲಯದ ತಂತ್ರಜ್ಞರು ಮತ್ತು ಶುಶ್ರೂಷಕರು ಇಂಥ ವರದಿಯನ್ನು ಯಾವ ಕ್ರಮದಲ್ಲಿ ಬಿಡಿಸಿ ನೋಡಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ. ಯಕೃತ್ತಿನ ಕಾಯಿಲೆಯಲ್ಲಿ ಐಎನ್‌ಆರ್ ಯಕೃತ್ತು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಹೇಳುತ್ತದೆಯೇ ಹೊರತು ರೋಗಿಗೆ ಎಷ್ಟು ರಕ್ತಸ್ರಾವವಾದೀತು ಎಂಬುದನ್ನು ಹೇಳುವುದಿಲ್ಲ. ಈ ಬರಹದ ಪ್ರತಿಯೊಂದು ಹೆಜ್ಜೆಯೂ ಈ ಮಾತಿನ ಮೇಲೆಯೇ ನಿಂತಿದೆ.

ಪರೀಕ್ಷೆ ಏನನ್ನು ಅಳೆಯುತ್ತದೆ

ಪಿಟಿ ಪರೀಕ್ಷೆಯಲ್ಲಿ ರೋಗಿಯ ಪ್ಲಾಸ್ಮಾಕ್ಕೆ ಟಿಶ್ಯೂ ಫ್ಯಾಕ್ಟರ್, ಫಾಸ್ಫೊಲಿಪಿಡ್ ಮತ್ತು ಕ್ಯಾಲ್ಸಿಯಂ ಬೆರೆಸಿ, ಹೆಪ್ಪಿನ ಎಳೆಯಾದ ಫೈಬ್ರಿನ್ ಕಾಣಿಸಿಕೊಳ್ಳುವವರೆಗಿನ ಸೆಕೆಂಡುಗಳನ್ನು ಎಣಿಸುತ್ತಾರೆ. ಇದರಲ್ಲಿ ಪಾಲ್ಗೊಳ್ಳುವ, ಹೆಪ್ಪುಗಟ್ಟಿಸುವ ಪ್ರೋಟೀನುಗಳಾದ ಫ್ಯಾಕ್ಟರ್ 7, 10, 5, 2 ಮತ್ತು ಫೈಬ್ರಿನೋಜನ್ ಐದೂ ಯಕೃತ್ತಿನಲ್ಲೇ ತಯಾರಾಗುತ್ತವೆ. ಅವುಗಳಲ್ಲಿ ಫ್ಯಾಕ್ಟರ್ 7ರ ಅರ್ಧಾಯುಷ್ಯ ಕೇವಲ ನಾಲ್ಕರಿಂದ ಆರು ಗಂಟೆಯಾದ್ದರಿಂದ, ಯಕೃತ್ತು ದಿಢೀರನೆ ಕೈಕೊಟ್ಟರೆ ಪಿಟಿ ಒಂದೇ ದಿನದೊಳಗೆ ಅದನ್ನು ಸಾರುತ್ತದೆ. ಎರಡು ವಾರಕ್ಕೂ ಮಿಕ್ಕಿ ಅರ್ಧಾಯುಷ್ಯವಿರುವ ಆಲ್ಬುಮಿನ್ ಅಷ್ಟು ಬೇಗ ಸುಳಿವು ಕೊಡಲಾರದು. ಹಾಗಾಗಿ ಯಕೃತ್ತಿನ ಉತ್ಪಾದನಾ ಶಕ್ತಿಯನ್ನು ಅಳೆಯುವ ಮಟ್ಟಿಗೆ ಪಿಟಿಗೆ ಸಾಟಿಯಾದ ಸರಳ ಪರೀಕ್ಷೆ ಇನ್ನೊಂದಿಲ್ಲ.

ಅದು ಅಳೆಯದೆ ಬಿಡುವುದು ಇದಕ್ಕಿಂತ ದೊಡ್ಡ ಸಂಗತಿ. ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕುವ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಮತ್ತು ಆಂಟಿಥ್ರಾಂಬಿನ್ ಕೂಡ ಬಹುಮಟ್ಟಿಗೆ ಯಕೃತ್ತಿನದೇ ಉತ್ಪನ್ನಗಳು. ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಸಿರೋಸಿಸ್‌ನಲ್ಲಿ ಇವೂ ಕುಸಿಯುತ್ತವೆ. ಪ್ರೋಟೀನ್ ಸಿ ಸಕ್ರಿಯವಾಗಬೇಕಾದರೆ ರಕ್ತನಾಳದ ಒಳಪದರದಲ್ಲಿರುವ ಥ್ರಾಂಬೊಮಾಡ್ಯುಲಿನ್ ಬೇಕು, ಪರೀಕ್ಷಾ ನಳಿಕೆಯಲ್ಲಿ ಅದು ಇರುವುದಿಲ್ಲ. ಸಾಲದ್ದಕ್ಕೆ, ಫೈಬ್ರಿನ್ ಕಟ್ಟಿಸುವ ಕಿಣ್ವವಾದ ಥ್ರಾಂಬಿನ್ ಒಟ್ಟು ಉತ್ಪತ್ತಿಯಾಗಬಹುದಾದಷ್ಟರಲ್ಲಿ ಸುಮಾರು ನೂರಕ್ಕೆ ಐದರಷ್ಟು ತಯಾರಾಗುವ ಹೊತ್ತಿಗೇ ಫೈಬ್ರಿನ್ ಕಾಣಿಸಿಕೊಂಡು ಗಡಿಯಾರ ನಿಲ್ಲುತ್ತದೆ. ಹೀಗಾಗಿ ಪಿಟಿ ಮತ್ತು ಹೆಪ್ಪುಗಟ್ಟುವಿಕೆಯ ಇನ್ನೊಂದು ಹಾದಿಯನ್ನು ಅಳೆಯುವ ಎಪಿಟಿಟಿ ಎರಡೂ ತಕ್ಕಡಿಯ ಒಂದು ತಟ್ಟೆಯನ್ನಷ್ಟೇ ತೂಗುತ್ತವೆ. 2005ರಲ್ಲಿ ಇಟಲಿಯ ಅರ್ಮಾಂಡೊ ಟ್ರಿಪೋಡಿ ಮತ್ತು ಸಂಗಡಿಗರು ಸಿರೋಸಿಸ್ ರೋಗಿಗಳ ಪ್ಲಾಸ್ಮಾಕ್ಕೆ ಥ್ರಾಂಬೊಮಾಡ್ಯುಲಿನ್ ಬೆರೆಸಿ ಅಳೆದಾಗ, ಪಿಟಿ ದೀರ್ಘವಾಗಿದ್ದರೂ ಥ್ರಾಂಬಿನ್ ಉತ್ಪತ್ತಿ ಆರೋಗ್ಯವಂತರಷ್ಟೇ ಇರುವುದು ಕಂಡುಬಂತು. ಪ್ಲೇಟ್‌ಲೆಟ್‌ಗಳ ಕಥೆಯೂ ಹೀಗೆಯೇ ಇದೆ. ಗುಲ್ಮ ಊದಿಕೊಂಡು ಅವುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದಲೂ ಅವುಗಳ ಉತ್ಪಾದನೆಗೆ ಬೇಕಾದ ಥ್ರಾಂಬೊಪೊಯೆಟಿನ್ ಕಡಿಮೆಯಾಗುವುದರಿಂದಲೂ ಸಂಖ್ಯೆ ಇಳಿಯುತ್ತದೆ. ಅದೇ ವೇಳೆ ಅವುಗಳನ್ನು ಗಾಯಕ್ಕೆ ಅಂಟಿಸುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಹೆಚ್ಚಿ, ಅದನ್ನು ತುಂಡರಿಸುವ ಎಡಿಎಎಂಟಿಎಸ್-13 ಎಂಬ ಕಿಣ್ವ ಕಡಿಮೆಯಾಗುತ್ತದೆ. ವರದಿಯ ಹಾಳೆಯಲ್ಲಿ ಈ ಯಾವ ಸರಿದೂಗಿಸುವಿಕೆಯೂ ಕಾಣುವುದಿಲ್ಲ.

ಮೊದಲು ನಳಿಕೆಯನ್ನು ನೋಡಿ

ಅನಿರೀಕ್ಷಿತ ಅಂಕಿ ಬಂದಾಗ ರೋಗಿಯನ್ನು ಶಂಕಿಸುವ ಮುನ್ನ ಮಾದರಿಯನ್ನು ಶಂಕಿಸಬೇಕು. ತಿಳಿನೀಲಿ ಮುಚ್ಚಳದ ನಳಿಕೆಯಲ್ಲಿ 3.2 ಶೇಕಡಾ ಸೋಡಿಯಂ ಸಿಟ್ರೇಟ್ ಇರುತ್ತದೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬುದು ಅದರ ಲೆಕ್ಕ. 2.7 ಮಿ.ಲೀ. ರಕ್ತ ಹಿಡಿಯುವ ನಳಿಕೆಯಲ್ಲಿ 0.3 ಮಿ.ಲೀ. ಸಿಟ್ರೇಟ್ ಇರುತ್ತದೆ. ಸಿರೆ ಸಿಗದ ರೋಗಿಯಿಂದ ಹೇಗೋ ಒಂದೂವರೆ ಮಿ.ಲೀ. ತೆಗೆದು ಕಳಿಸಿದರೆ ಅನುಪಾತ ಒಂಬತ್ತರಿಂದ ಐದಕ್ಕೆ ಇಳಿಯುತ್ತದೆ, ಮಿಕ್ಕುಳಿದ ಸಿಟ್ರೇಟ್ ಪರೀಕ್ಷೆಯಲ್ಲಿ ಸೇರಿಸುವ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ, ಸಮಯ ಸುಳ್ಳೇ ಉದ್ದವಾಗುತ್ತದೆ. ಗೆರೆಯವರೆಗೆ ತುಂಬದ ನಳಿಕೆಯನ್ನು ಪ್ರಯೋಗಾಲಯ ತಿರಸ್ಕರಿಸಿದರೆ ವಾರ್ಡಿನವರು ಸಿಟ್ಟಾಗುವುದು ಸಹಜ, ಆದರೆ ತಿರಸ್ಕರಿಸಿದವರೇ ಸರಿ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, 55 ಶೇಕಡಾ ಮೀರಿದಾಗಲೂ ಇದೇ ತೊಂದರೆ ಬರುತ್ತದೆ. ಸಿರೋಸಿಸ್‌ನಲ್ಲಿ ರಕ್ತಹೀನತೆಯೇ ಹೆಚ್ಚಾದ್ದರಿಂದ ಇದು ನೆನಪಿಗೆ ಬಾರದೆ ಹೋಗಬಹುದು. ಕೆಂಪುಕಣಗಳು ಅತಿಯಾಗುವ ಪಾಲಿಸೈಥೀಮಿಯಾದಿಂದ ಬಡ್-ಕಿಯಾರಿ ರೋಗ, ಅಂದರೆ ಯಕೃತ್ತಿನಿಂದ ರಕ್ತ ಹೊರಹೋಗುವ ಸಿರೆಗಳಲ್ಲಿ ಹೆಪ್ಪು, ಬಂದವರಲ್ಲಿ ಅದನ್ನು ಮರೆಯುವಂತಿಲ್ಲ.

ಎರಡನೆಯ ಕಳ್ಳ ಹೆಪಾರಿನ್ ಎಂಬ ಹೆಪ್ಪು ತಡೆಯುವ ಔಷಧ. ಡಯಾಲಿಸಿಸ್ ಕ್ಯಾಥೆಟರಿನಿಂದಲೋ ಹೆಪಾರಿನ್ ಹಾಕಿ ಮುಚ್ಚಿಟ್ಟ ಸೆಂಟ್ರಲ್ ಲೈನಿನಿಂದಲೋ ರಕ್ತ ಎಳೆದಿದ್ದರೆ ಎಪಿಟಿಟಿ ಮತ್ತು ಥ್ರಾಂಬಿನ್ ಟೈಮ್ (ಪ್ಲಾಸ್ಮಾಕ್ಕೆ ಥ್ರಾಂಬಿನ್ ಬೆರೆಸಿ ನೋಡುವ ಪರೀಕ್ಷೆ) ವಿಪರೀತ ಉದ್ದವಾಗಿ, ಪಿಟಿ ಮಾತ್ರ ಅಷ್ಟಾಗಿ ಬದಲಾಗಿರುವುದಿಲ್ಲ. ಪಿಟಿಯ ರೀಏಜೆಂಟ್‌ಗಳಲ್ಲಿ ಸಾಮಾನ್ಯವಾಗಿ ಹೆಪಾರಿನ್ ತಟಸ್ಥಗೊಳಿಸುವ ವಸ್ತು ಸೇರಿರುವುದೇ ಇದಕ್ಕೆ ಕಾರಣ. ಹೆಪಾರಿನ್‌ಗೆ ಜಗ್ಗದ ರೆಪ್ಟಿಲೇಸ್ ಟೈಮ್ ಎಂಬ ಪರೀಕ್ಷೆ ಸಹಜವಾಗಿದ್ದರೆ ಸಂಶಯ ಖಚಿತವಾಗುತ್ತದೆ. ಆ ಸೌಲಭ್ಯವಿಲ್ಲದ ಕಡೆ ಇನ್ನೊಂದು ತೋಳಿನ ಸಿರೆಯಿಂದ ಹೊಸದಾಗಿ ತೆಗೆದ ಮಾದರಿಯೇ ಸಾಕು. ಕಾಮಾಲೆ ತೀವ್ರವಾಗಿರುವ ಪ್ಲಾಸ್ಮಾದ ಹಳದಿ ಬಣ್ಣ ಬೆಳಕಿನ ಮೂಲಕ ಹೆಪ್ಪನ್ನು ಗುರುತಿಸುವ ಕೆಲವು ಯಂತ್ರಗಳನ್ನು ದಾರಿ ತಪ್ಪಿಸುತ್ತದೆ. ಉಕ್ಕಿನ ಗುಂಡಿನ ಚಲನೆಯಿಂದ ಗುರುತಿಸುವ ಯಂತ್ರಕ್ಕೆ ಆ ತೊಡಕಿಲ್ಲ. ನಳಿಕೆಯ ತಳದಲ್ಲಿ ಚಿಕ್ಕ ಹೆಪ್ಪೊಂದು ಕೂತಿದ್ದರೂ ಫೈಬ್ರಿನೋಜನ್ ಮತ್ತು ಪ್ಲೇಟ್‌ಲೆಟ್ ಎರಡೂ ಕಡಿಮೆ ತೋರಬಹುದು. ತೆಳುವಾದ ಕಡ್ಡಿಯಿಂದ ಒಮ್ಮೆ ಕೆದಕಿ ನೋಡಲು ಅರ್ಧ ನಿಮಿಷ ಸಾಕು.

ವಿಟಮಿನ್ ಕೆ ಕೊರತೆಯೋ, ಯಕೃತ್ತಿನ ಸೋಲೋ

ಮಾದರಿ ಸರಿಯಿದೆ ಎಂದಾದ ಮೇಲೆ ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದು, ಏಕೆಂದರೆ ಒಂದಕ್ಕೆ ಅಗ್ಗದ ಚುಚ್ಚುಮದ್ದಿದೆ, ಇನ್ನೊಂದಕ್ಕಿಲ್ಲ. ಫ್ಯಾಕ್ಟರ್ 2, 7, 9, 10 ಕೆಲಸಕ್ಕೆ ಯೋಗ್ಯವಾಗಲು ವಿಟಮಿನ್ ಕೆ ಬೇಕು. ಅದು ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ಕರುಳಿಗೆ ಪಿತ್ತರಸ ಇಳಿಯದಿದ್ದರೆ ಹೀರಿಕೆಯಾಗುವುದಿಲ್ಲ. ಪಿತ್ತನಾಳದ ಕಲ್ಲು ಅಥವಾ ಗೆಡ್ಡೆಯಿಂದ ಕಾಮಾಲೆಯಾದವರು, ವಾರಗಟ್ಟಲೆ ಸರಿಯಾಗಿ ಊಟ ಮಾಡದೆ ಕುಡಿತದಲ್ಲೇ ಇದ್ದವರು, ದೀರ್ಘಕಾಲ ಆಂಟಿಬಯಾಟಿಕ್ ಪಡೆದವರು ಇವರಲ್ಲಿ ಕೊರತೆಯನ್ನು ಮೊದಲೇ ನಿರೀಕ್ಷಿಸಬೇಕು. ನಮ್ಮ ಐಸಿಯುಗಳಲ್ಲಿ ಧಾರಾಳವಾಗಿ ಬಳಕೆಯಾಗುವ ಸೆಫೊಪೆರಜೋನ್-ಸಲ್ಬ್ಯಾಕ್ಟಮ್ ಅನ್ನು ಇಲ್ಲಿ ಹೆಸರು ಹಿಡಿದೇ ಹೇಳಬೇಕು. ಸೆಫೊಪೆರಜೋನ್ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಷ್ಟೇ ಅಲ್ಲ, ತನ್ನ ರಾಸಾಯನಿಕ ರಚನೆಯ ಒಂದು ಪಾರ್ಶ್ವ ಸರಪಳಿಯ ಮೂಲಕ ವಿಟಮಿನ್ ಕೆಯ ಮರುಬಳಕೆಗೂ ಅಡ್ಡಿಯಾಗುತ್ತದೆ. ದಾಖಲಾದ ದಿನ 1.6 ಇದ್ದ ಐಎನ್‌ಆರ್ ವಾರದ ಕೊನೆಗೆ 3 ದಾಟಿದರೆ ‘ಯಕೃತ್ತು ಕೆಡುತ್ತಿದೆ’ ಎಂದು ಬರೆಯುವ ಮುನ್ನ ಔಷಧಿ ಚೀಟಿಯನ್ನು ತಿರುವಿ ನೋಡುವುದು ಒಳ್ಳೆಯದು.

ಪರೀಕ್ಷಿಸುವ ವಿಧಾನ ಸರಳ. ಫೈಟೊಮೆನಡಿಯೋನ್ (ವಿಟಮಿನ್ ಕೆ) 10 ಮಿ.ಗ್ರಾಂ ಅನ್ನು ದ್ರವದಲ್ಲಿ ಬೆರೆಸಿ ಸಿರೆಯ ಮೂಲಕ ನಿಧಾನವಾಗಿ ಕೊಟ್ಟು, 12ರಿಂದ 24 ಗಂಟೆಯ ನಂತರ ಪಿಟಿಯನ್ನು ಮತ್ತೆ ನೋಡಬೇಕು. ವೇಗವಾಗಿ ಕೊಟ್ಟರೆ ಅಪರೂಪಕ್ಕೆ ತೀವ್ರ ಅಲರ್ಜಿಯಂಥ ಪ್ರತಿಕ್ರಿಯೆ ಆಗಬಹುದು. ಸ್ನಾಯುವಿಗೆ ಚುಚ್ಚಿದರೆ ಅಲ್ಲೇ ರಕ್ತಗಂಟು ಕಟ್ಟಬಹುದು. ಪಿತ್ತನಾಳ ಮುಚ್ಚಿರುವವರಿಗೆ ಬಾಯಿಯಿಂದ ಕೊಟ್ಟದ್ದು ದಕ್ಕುವುದಿಲ್ಲ. ಮರುದಿನ ಐಎನ್‌ಆರ್ ಸಹಜದ ಸಮೀಪಕ್ಕೆ ಬಂದರೆ ಕೊರತೆಯೇ ಕಾರಣ, ಕದಲದಿದ್ದರೆ ಯಕೃತ್ತಿನ ಕೋಶಗಳೇ ಸೋತಿವೆ. ಅರ್ಧಂಬರ್ಧ ಇಳಿದರೆ ಎರಡೂ ಸೇರಿವೆ. ವಾರ್ಡಿನಲ್ಲಿ ಕಾಣಸಿಗುವುದು ಹೆಚ್ಚಾಗಿ ಈ ಮೂರನೆಯ ಬಗೆಯೇ. ಗಟ್ಟಿಯಾದ ಸಿರೋಸಿಸ್‌ನಲ್ಲಿ ಒಂದು ಸಲ ಫಲ ಕೊಡದ ವಿಟಮಿನ್ ಕೆಯನ್ನು ದಿನವೂ ಮುಂದುವರಿಸಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ಕಾಯುವಷ್ಟು ಸಮಯವಿಲ್ಲದಿದ್ದರೆ ಮತ್ತು ಸೌಲಭ್ಯವಿದ್ದರೆ, ಮೂರು ಫ್ಯಾಕ್ಟರ್‌ಗಳನ್ನು ಒಟ್ಟಿಗೆ ಅಳೆಸುವುದು ಅತ್ಯಂತ ಉಪಯುಕ್ತ. ಫ್ಯಾಕ್ಟರ್ 5 ಯಕೃತ್ತಿನಲ್ಲಿ ತಯಾರಾದರೂ ಅದಕ್ಕೆ ವಿಟಮಿನ್ ಕೆ ಬೇಕಿಲ್ಲ. ಫ್ಯಾಕ್ಟರ್ 7ಕ್ಕೆ ಎರಡೂ ಬೇಕು. ಫ್ಯಾಕ್ಟರ್ 8 ಮುಖ್ಯವಾಗಿ ರಕ್ತನಾಳಗಳ ಒಳಪದರದ ಕೋಶಗಳಿಂದ ಬರುವುದರಿಂದ ಯಕೃತ್ತಿನ ಕಾಯಿಲೆಯಲ್ಲಿ ಅದು ಇಳಿಯುವುದಿರಲಿ, ಸಹಜಕ್ಕಿಂತ ಮೇಲೆಯೇ ಇರುತ್ತದೆ. ಇದನ್ನು ತಿಳಿದ ಮೇಲೆ ವರದಿಯನ್ನು ಓದುವುದು ಕಷ್ಟವಲ್ಲ: 7 ಮಾತ್ರ ಇಳಿದು 5 ಸಹಜವಾಗಿದ್ದರೆ ವಿಟಮಿನ್ ಕೆ ಕೊರತೆ; 5 ಮತ್ತು 7 ಇಳಿದು 8 ಏರಿದ್ದರೆ ಯಕೃತ್ತಿನ ವೈಫಲ್ಯ; ಮೂರೂ ಇಳಿದಿದ್ದರೆ ದೇಹದೊಳಗೆ ವ್ಯಾಪಕವಾಗಿ ಹೆಪ್ಪುಗಟ್ಟಿ ಫ್ಯಾಕ್ಟರ್‌ಗಳು ಖರ್ಚಾಗುತ್ತಿರುವ ಡಿಐಸಿ.

ಹಠಾತ್ತನೆ ಏರಿದ ಐಎನ್‌ಆರ್, ಹಳೆಯ ಕಾಯಿಲೆಯಿಲ್ಲದ ರೋಗಿ

ಮೊದಲು ಯಕೃತ್ತಿನ ತೊಂದರೆಯಿಲ್ಲದವರಲ್ಲಿ ಐಎನ್‌ಆರ್ 1.5 ಮುಟ್ಟಿ, ಜೊತೆಗೆ ಪ್ರಜ್ಞೆಯಲ್ಲಿ ಎಷ್ಟೇ ಚಿಕ್ಕ ಏರುಪೇರು ಕಂಡರೂ ಅದು ತೀವ್ರ ಯಕೃತ್ ವೈಫಲ್ಯ. ಕಸಿ ಮಾಡಬಲ್ಲ ಕೇಂದ್ರಕ್ಕೆ ಅದೇ ದಿನ ಫೋನು ಮಾಡಬೇಕಾದ ಸ್ಥಿತಿ ಅದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಾನದಂಡಗಳು 1989ರಿಂದಲೂ ಬಳಕೆಯಲ್ಲಿವೆ. ಪ್ಯಾರಸಿಟಮಾಲ್ ಅಲ್ಲದ ಕಾರಣಗಳಲ್ಲಿ ಐಎನ್‌ಆರ್ 6.5 ದಾಟಿದರೆ ಕಸಿ ಬೇಕೆನ್ನಲು ಅದೊಂದೇ ಸಾಕು ಎನ್ನುತ್ತವೆ ಅವು. ಇಂಥ ರೋಗಿಗೆ ರಕ್ತಸ್ರಾವವಿಲ್ಲದೆಯೇ ಪ್ಲಾಸ್ಮಾ ಏರಿಸಿದರೆ ಯಕೃತ್ತು ಚೇತರಿಸಿಕೊಳ್ಳುತ್ತಿದೆಯೋ ಮುಳುಗುತ್ತಿದೆಯೋ ಎಂದು ತೋರಿಸುವ ಪ್ರಮುಖ ಸೂಚಕವನ್ನು ನಾವೇ ಕೈಯಾರೆ ಕೆಡಿಸಿದಂತೆ. ಯಕೃತ್ತನ್ನು ಕಾಪಾಡಲು ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಹನಿಯಾಗಿ ಹೋಗುತ್ತಿರುವಾಗ ಐಎನ್‌ಆರ್ ತಾನಾಗಿಯೇ ತುಸು ಏರಬಹುದು ಎಂಬುದೂ ನೆನಪಿರಲಿ.

ಕರ್ನಾಟಕ ಮತ್ತು ತಮಿಳುನಾಡಿನ ಆಸ್ಪತ್ರೆಗಳಲ್ಲಿ ಈ ಚಿತ್ರಕ್ಕೆ ಇಲಿ ಪಾಷಾಣ ಒಂದು ಮುಖ್ಯ ಕಾರಣ. ಇಲ್ಲಿ ‘ಇಲಿ ಪಾಷಾಣ ತೆಗೆದುಕೊಂಡಿದ್ದಾರೆ’ ಎಂಬ ಮಾತಿನಿಂದ ಏನೂ ತಿಳಿದಂತಾಗುವುದಿಲ್ಲ. ಟ್ಯೂಬಿನಲ್ಲಿ ಬರುವ ಪೇಸ್ಟ್ ಹಳದಿ ರಂಜಕದ್ದು, ಬಿಲ್ಲೆಯ ರೂಪದಲ್ಲಿ ಸಿಗುವುದು ಬಹುಪಾಲು ಬ್ರೊಮಾಡಿಯೊಲೋನ್, ಕಪ್ಪು-ಬೂದು ಪುಡಿ ಜಿಂಕ್ ಫಾಸ್ಫೈಡ್. ಮನೆಯವರಿಂದ ಖಾಲಿ ಟ್ಯೂಬನ್ನೋ ಪೊಟ್ಟಣವನ್ನೋ ತರಿಸಿ ಕಣ್ಣಾರೆ ನೋಡುವುದಕ್ಕೆ ಯಾವ ಪರೀಕ್ಷೆಯೂ ಸಮವಲ್ಲ. ಹಳದಿ ರಂಜಕ ಸೇವಿಸಿದವರು ಮೊದಲ ದಿನ ವಾಂತಿ, ಹೊಟ್ಟೆನೋವು ಎನ್ನುತ್ತಾರೆ. ಎರಡನೆಯ ಮೂರನೆಯ ದಿನ ಗೆಲುವಾಗಿ ಕಾಣುತ್ತಾರೆ, ಮನೆಗೆ ಕಳಿಸಿ ಎಂದು ಒತ್ತಾಯಿಸುವುದೂ ಉಂಟು. ಆಮೇಲೆ ಯಕೃತ್ತಿನ ಕೋಶಗಳ ಹಾನಿ ತೋರಿಸುವ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿ, ಕಾಮಾಲೆ ಕಾಣಿಸಿ, ಐಎನ್‌ಆರ್ ಮೇಲೇರುತ್ತದೆ. ಫ್ಯಾಕ್ಟರ್ 5 ಕುಸಿಯುತ್ತದೆ, ವಿಟಮಿನ್ ಕೆಗೆ ಜಗ್ಗುವುದಿಲ್ಲ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಆ ಗೆಲುವಿನ ದಿನಗಳಲ್ಲೇ ಐಎನ್‌ಆರ್ ಅನ್ನು ಮತ್ತೆ ಮತ್ತೆ ನೋಡುತ್ತಿರಬೇಕು.

ಬ್ರೊಮಾಡಿಯೊಲೋನ್‌ನಲ್ಲಿ ಚಿತ್ರವೇ ಬೇರೆ. ಅದು ವಿಟಮಿನ್ ಕೆಯ ಕೆಲಸಕ್ಕೆ ಅಡ್ಡಿಯಾಗಿ ಹೆಪ್ಪು ತಡೆಯುವ ವಾರ್ಫರಿನ್ ಜಾತಿಯದು, ಆದರೆ ದೇಹದಲ್ಲಿ ವಾರಗಟ್ಟಲೆ ಉಳಿಯುವಂಥದು. ಒಂದೆರಡು ದಿನದ ನಂತರ ಐಎನ್‌ಆರ್ ಏರತೊಡಗುತ್ತದೆ, 8 ಅಥವಾ 10 ಆದರೂ ಬಿಲಿರುಬಿನ್, ಎಸ್‌ಜಿಪಿಟಿ, ಫ್ಯಾಕ್ಟರ್ 5 ಎಲ್ಲ ಸಹಜವಾಗಿಯೇ ಇರುತ್ತವೆ. ಇವರಿಗೆ ವಿಟಮಿನ್ ಕೆಯೇ ಮದ್ದು. ಅದನ್ನು ಹೆಚ್ಚಿನ ಪ್ರಮಾಣದಲ್ಲಿ ವಾರಗಳಿಂದ ತಿಂಗಳುಗಳವರೆಗೆ ಕೊಡಬೇಕಾಗಬಹುದು. ಮೂರು ದಿನ ಚುಚ್ಚುಮದ್ದು ಕೊಟ್ಟು ಐಎನ್‌ಆರ್ 1.2 ಆಯಿತೆಂದು ಮನೆಗೆ ಕಳಿಸಿದವರು ಕೆಲವು ದಿನಗಳಲ್ಲೇ ರಕ್ತಮೂತ್ರವೆಂದು ಮರಳಿ ಬರುವುದಕ್ಕೆ ಇದೇ ಕಾರಣ. ಇಲ್ಲಿ ಮಾತ್ರ ಐಎನ್‌ಆರ್ ಏರಿಕೆ ರಕ್ತಸ್ರಾವದ ಅಪಾಯವನ್ನು ನೇರವಾಗಿಯೇ ಹೇಳುತ್ತದೆ, ಏಕೆಂದರೆ ಐಎನ್‌ಆರ್ ಎಂಬ ಅಳತೆಗೋಲು ಹುಟ್ಟಿದ್ದೇ ಈ ಜಾತಿಯ ಔಷಧಗಳಿಗಾಗಿ.

ಹೊಲದಿಂದ ಬಂದ ರೋಗಿಯ ಕಾಲಿನಲ್ಲಿ ಊತವಿದ್ದರೆ ಕೊಳಕುಮಂಡಲದ ಕಡಿತವನ್ನೂ ಯೋಚಿಸಬೇಕು. ಕುಡಿತದಿಂದ ಸಿರೋಸಿಸ್ ಆದವರನ್ನು ಹಾವು ಕಚ್ಚುವುದಿಲ್ಲ ಎಂದೇನೂ ಇಲ್ಲ, ಹಳೆಯ ಕಡತದಲ್ಲಿರುವ ‘ಸಿರೋಸಿಸ್’ ಎಂಬ ಪದ ಹೊಸ ಕಾರಣವನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ಕೊಳಕುಮಂಡಲದ ವಿಷ ಫ್ಯಾಕ್ಟರ್ 10 ಮತ್ತು 5ನ್ನು ಕೆರಳಿಸಿ ಫೈಬ್ರಿನೋಜನ್ ಅನ್ನು ಬರಿದು ಮಾಡುವುದರಿಂದ ಪಿಟಿ ‘ಹೆಪ್ಪುಗಟ್ಟಲಿಲ್ಲ’ ಎಂದೇ ಬರಬಹುದು. ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು ಓರೆ ಮಾಡಿ ನೋಡುವ ಹಾಸಿಗೆ ಪಕ್ಕದ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯ. ಮಳೆಗಾಲದಲ್ಲಿ ಜ್ವರ, ಇಳಿದ ಪ್ಲೇಟ್‌ಲೆಟ್, ಏರಿದ ಎಸ್‌ಜಿಒಟಿ, ದೀರ್ಘವಾದ ಎಪಿಟಿಟಿ ಒಟ್ಟಿಗೆ ಕಂಡರೆ ಡೆಂಗಿ ಪರೀಕ್ಷೆ ಮಾಡಿಸದೆ ಮುಂದೆ ಹೋಗಬಾರದು.

ಫೈಬ್ರಿನೋಜನ್ ಮತ್ತು ಡಿ-ಡೈಮರ್

ಸಹಜ ಫೈಬ್ರಿನೋಜನ್ ಪ್ರತಿ ಡೆಸಿಲೀಟರಿಗೆ 200ರಿಂದ 400 ಮಿ.ಗ್ರಾಂ. ಸಿರೋಸಿಸ್‌ನಲ್ಲಿ ಇದು ಬಹಳ ಕಾಲ ಸಹಜವಾಗಿಯೇ ಉಳಿದು, ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ಇಳಿಯುತ್ತದೆ. ಕ್ಲಾಸ್ (Clauss) ವಿಧಾನದಿಂದ ನೇರವಾಗಿ ಅಳೆದ ಅಂಕಿಯನ್ನೇ ನಂಬಬೇಕು, ಪಿಟಿಯ ವಕ್ರರೇಖೆಯಿಂದ ಲೆಕ್ಕಹಾಕಿ ಕೊಡುವ ಅಂಕಿ ಇದ್ದದ್ದಕ್ಕಿಂತ ಹೆಚ್ಚು ತೋರಬಹುದು. ಯಕೃತ್ತಿನ ಕೋಶಗಳು ಫೈಬ್ರಿನೋಜನ್‌ಗೆ ಸಯಾಲಿಕ್ ಆಮ್ಲವನ್ನು ಅತಿಯಾಗಿ ಅಂಟಿಸಿ ಕಳಿಸುವುದೂ ಉಂಟು. ಆಗ ಪ್ರಮಾಣ ಸರಿಯಿದ್ದರೂ ಗುಣ ಕೆಟ್ಟಿರುತ್ತದೆ. ಥ್ರಾಂಬಿನ್ ಟೈಮ್ ಮತ್ತು ರೆಪ್ಟಿಲೇಸ್ ಟೈಮ್ ಎರಡೂ ಉದ್ದವಾಗುತ್ತವೆ.

ಕರಗಿದ ಹೆಪ್ಪಿನ ತುಣುಕಾದ ಡಿ-ಡೈಮರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಲೋದರವಿರುವ ರೋಗಿಯಲ್ಲಿ ಅದು ಹೇಗೂ ಏರಿರುತ್ತದೆ, ಆ ಒಂದು ಅಂಕಿಯಿಂದ ಡಿಐಸಿಯನ್ನಾಗಲಿ ಕಾಲಿನ ಸಿರೆಯ ಹೆಪ್ಪನ್ನಾಗಲಿ ಸಾಬೀತು ಮಾಡಲಾಗದು. ಸಿರೋಸಿಸ್ ಮತ್ತು ಡಿಐಸಿ ಎರಡರಲ್ಲೂ ಪಿಟಿ ಉದ್ದ, ಪ್ಲೇಟ್‌ಲೆಟ್ ಕಡಿಮೆ, ಡಿ-ಡೈಮರ್ ಹೆಚ್ಚು. ಒಂದು ದಿನದ ವರದಿಯಿಂದ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಬೇರ್ಪಡಿಸುವುದು ಗತಿ: ಸಿರೋಸಿಸ್‌ನ ಅಂಕಿಗಳು ತಿಂಗಳುಗಟ್ಟಲೆ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತವೆ, ಸೋಂಕಿನಿಂದ ಡಿಐಸಿ ಹತ್ತಿಕೊಂಡರೆ 12 ಗಂಟೆಯ ಅಂತರದಲ್ಲೇ ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ಜಾರುತ್ತವೆ. ಆದ್ದರಿಂದ ಹೊರರೋಗಿ ವಿಭಾಗದ ಹಳೆಯ ವರದಿಗಳನ್ನು ಹುಡುಕಿ ತೆಗೆಯುವ ಶ್ರಮ ವ್ಯರ್ಥವಲ್ಲ.

ಇನ್ನೊಂದು ಬಗೆಯ ತೊಂದರೆ ಈ ಪರೀಕ್ಷೆಗಳ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಹಲ್ಲು ಕಿತ್ತ ಜಾಗ, ಸೂಜಿ ಚುಚ್ಚಿದ ಜಾಗಗಳಿಂದ ಮೊದಲು ನಿಂತ ರಕ್ತ ಕೆಲವು ಗಂಟೆಗಳ ನಂತರ ಮತ್ತೆ ಒಸರಲು ಶುರುವಾದರೆ, ಕಟ್ಟಿದ ಹೆಪ್ಪು ಬೇಗನೆ ಕರಗುತ್ತಿದೆ ಎಂದು ಅನುಮಾನಿಸಬೇಕು. ಹೆಪ್ಪು ಕಟ್ಟಿ ಕರಗುವ ಇಡೀ ಕ್ರಮವನ್ನು ದಾಖಲಿಸುವ ಥ್ರಾಂಬೊಎಲಾಸ್ಟೊಗ್ರಫಿ ಯಂತ್ರವಿದ್ದರೆ ಅದರ ನಕ್ಷೆಯಲ್ಲಿ ಇದು ಕಾಣಬಹುದು. ಇಂಥ ಒಸರುವಿಕೆಗೆ ಹೆಪ್ಪು ಕರಗುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಬಳಸುತ್ತಾರೆ. ಆದರೆ ಅನ್ನನಾಳದ ಉಬ್ಬಿದ ಸಿರೆ ಒಡೆದು ಆಗುವ ರಕ್ತವಾಂತಿಗೆ ಅದನ್ನು ಕೊಡುವುದು ಸರಿಯಲ್ಲ: 2020ರಲ್ಲಿ ಪ್ರಕಟವಾದ, 12,009 ಜಠರ-ಕರುಳಿನ ರಕ್ತಸ್ರಾವದ ರೋಗಿಗಳನ್ನು ಒಳಗೊಂಡ ಹಾಲ್ಟ್-ಇಟ್ ಅಧ್ಯಯನದಲ್ಲಿ ಅದರಿಂದ ಸಾವು ತಗ್ಗಲಿಲ್ಲ, ಬದಲಿಗೆ ಸಿರೆಗಳಲ್ಲಿ ಹೆಪ್ಪುಗಟ್ಟುವುದು ಹೆಚ್ಚಾಯಿತು.

ಎರಡು ಪ್ರಯೋಗಾಲಯ, ಎರಡು ಐಎನ್‌ಆರ್

ಊರಿನ ಪ್ರಯೋಗಾಲಯದಲ್ಲಿ 2.0, ಬೆಂಗಳೂರಿನಲ್ಲಿ ಮರುದಿನ 2.4 ಬಂದರೆ ಕಾಯಿಲೆ ಉಲ್ಬಣಿಸಿದೆ ಎಂದೇ ಅರ್ಥವಲ್ಲ. ರೋಗಿಯ ಪಿಟಿಯನ್ನು ಸಹಜ ಪಿಟಿಯ ಸರಾಸರಿಯಿಂದ ಭಾಗಿಸಿ, ಬಂದ ಅನುಪಾತವನ್ನು ಐಎಸ್‌ಐ ಎಂಬ, ರೀಏಜೆಂಟ್‌ನ ಸೂಕ್ಷ್ಮತೆಯನ್ನು ಸೂಚಿಸುವ ಘಾತಕ್ಕೆ ಏರಿಸಿದಾಗ ಐಎನ್‌ಆರ್ ಸಿಗುತ್ತದೆ. ಪಿಟಿ 24 ಸೆಕೆಂಡ್, ಸಹಜ ಸರಾಸರಿ 12 ಎಂದಿಟ್ಟುಕೊಂಡರೆ, ಐಎಸ್‌ಐ 1.0 ಇರುವ ರೀಏಜೆಂಟ್‌ನಲ್ಲಿ ಐಎನ್‌ಆರ್ 2.0, ಐಎಸ್‌ಐ 1.3 ಇದ್ದರೆ 2.46. ರೀಏಜೆಂಟ್ ಬದಲಾದಾಗ ಪಿಟಿಯೂ ಬದಲಾಗಿ, ಎರಡೂ ಸರಿಹೊಂದಿ ಒಂದೇ ಐಎನ್‌ಆರ್ ಬರಬೇಕು ಎಂಬುದು ಈ ವ್ಯವಸ್ಥೆಯ ಆಶಯ. ಆದರೆ ಐಎಸ್‌ಐಯನ್ನು ನಿಗದಿಪಡಿಸಿರುವುದು ವಾರ್ಫರಿನ್ ಸೇವಿಸುವವರ ಪ್ಲಾಸ್ಮಾದಿಂದ, ಅವರಲ್ಲಿ ಫ್ಯಾಕ್ಟರ್ 5 ಮತ್ತು ಫೈಬ್ರಿನೋಜನ್ ಸಹಜವಾಗಿರುತ್ತವೆ. ಯಕೃತ್ತಿನ ರೋಗಿಯಲ್ಲಿ ಹಾಗಿರುವುದಿಲ್ಲವಾದ್ದರಿಂದ ಆ ಹೊಂದಾಣಿಕೆ ಇಲ್ಲಿ ಕೈಕೊಡುತ್ತದೆ.

ಕಸಿಯ ಸರತಿಯನ್ನು ನಿರ್ಧರಿಸಲು ಬಳಸುವ ಮೆಲ್ಡ್ ಅಂಕದಲ್ಲಿ ಐಎನ್‌ಆರ್‌ನ ಸ್ವಾಭಾವಿಕ ಲಾಗರಿದಮ್ ಅನ್ನು 11.2ರಿಂದ ಗುಣಿಸುತ್ತಾರೆ. 2.0ರಿಂದ 2.4ಕ್ಕೆ ಏರಿದರೆ ಸುಮಾರು ಎರಡು ಅಂಕದ ವ್ಯತ್ಯಾಸವಾಗುತ್ತದೆ, ಸರತಿಯಲ್ಲಿ ಇದು ಸಣ್ಣದೇನಲ್ಲ. ಆದ್ದರಿಂದ ಒಬ್ಬ ರೋಗಿಯ ಐಎನ್‌ಆರ್ ಅನ್ನು ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಪ್ಲಾಸ್ಮಾ ಏರಿಸಿದ ಮರುದಿನದ ಅಂಕಿಯನ್ನು ಅಥವಾ ವಾರ್ಫರಿನ್ ಸೇವಿಸುತ್ತಿರುವಾಗಿನ ಅಂಕಿಯನ್ನು ಈ ಲೆಕ್ಕಕ್ಕೆ ಹಾಕಬಾರದು.

ಸೂಜಿ ಹಾಕುವ ಮುನ್ನ, ರಕ್ತ ಹರಿಯುವಾಗ

1981ರಷ್ಟು ಹಿಂದೆಯೇ ಇವೆ (Ewe) ಎಂಬ ಹೆಸರಿನ ವೈದ್ಯರು ಲ್ಯಾಪರೋಸ್ಕೋಪಿನಲ್ಲಿ ನೋಡುತ್ತ 200 ಮಂದಿಯ ಯಕೃತ್ತಿನ ಬಯಾಪ್ಸಿ ತೆಗೆದು, ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲಲು ಹಿಡಿದ ಸಮಯಕ್ಕೂ ಪಿಟಿ, ಪ್ಲೇಟ್‌ಲೆಟ್ ಅಂಕಿಗಳಿಗೂ ಸಂಬಂಧವಿಲ್ಲವೆಂದು ತೋರಿಸಿದ್ದರು. 2004ರಲ್ಲಿ ಗ್ರಾಬೌ ಮತ್ತು ಸಂಗಡಿಗರು ವರದಿ ಮಾಡಿದ 1,100 ಜಲೋದರ ತೆಗೆತಗಳಲ್ಲಿ ಐಎನ್‌ಆರ್ 8.7ರವರೆಗೂ ಪ್ಲೇಟ್‌ಲೆಟ್ 19,000ದವರೆಗೂ ಇದ್ದವರಿದ್ದರು, ಗಮನಾರ್ಹ ತೊಡಕು ಯಾರಲ್ಲೂ ಕಾಣಲಿಲ್ಲ. ಇಷ್ಟಾದರೂ ಹೊಟ್ಟೆಯ ನೀರು ತೆಗೆಯುವ ಮುನ್ನ ಪ್ಲಾಸ್ಮಾ ಏರಿಸುವ ರೂಢಿ ಏಕೆ ಉಳಿದಿದೆಯೋ ತಿಳಿಯದು. ಕಡತದಲ್ಲಿ ‘ಸರಿಪಡಿಸಲಾಗಿದೆ’ ಎಂದು ಬರೆಯುವುದು ಮನಸ್ಸಿಗೆ ಸಮಾಧಾನ ಕೊಡುತ್ತದೆ ಎಂಬುದಷ್ಟೇ ಕಾರಣವೆಂದು ನನ್ನ ಊಹೆ.

ಆ ಸಮಾಧಾನಕ್ಕೆ ಬೆಲೆಯೂ ಇದೆ. ಕಿಲೋಗ್ರಾಂ ತೂಕಕ್ಕೆ 10ರಿಂದ 15 ಮಿ.ಲೀ. ಎಂದರೆ 60 ಕಿಲೋ ರೋಗಿಗೆ 600ರಿಂದ 900 ಮಿ.ಲೀ. ದ್ರವ. ಇಷ್ಟು ಕೊಟ್ಟರೂ 1.8 ಇದ್ದ ಐಎನ್‌ಆರ್ 1.6 ಆದರೆ ಹೆಚ್ಚು, ಅದೂ ಕೆಲವೇ ಗಂಟೆಗಳ ಮಾತು. ಆ ದ್ರವ ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಸಿರೆಯ ಒತ್ತಡವನ್ನು ಏರಿಸುತ್ತದೆ, ಶ್ವಾಸಕೋಶಕ್ಕೆ ಹೊರೆಯಾಗುತ್ತದೆ. ಉಬ್ಬಿದ ಸಿರೆ ಒಡೆದಾಗ ರಕ್ತ ಹರಿಯುವುದು ಒತ್ತಡದಿಂದ, ಫ್ಯಾಕ್ಟರ್ ಕೊರತೆಯಿಂದಲ್ಲ. ಪೋರ್ಟಲ್ ಒತ್ತಡದ ತಜ್ಞರ ಬವೆನೊ-7 ಒಮ್ಮತದ ಹೇಳಿಕೆಯೂ ಅಲ್ಲಿ ಪ್ಲಾಸ್ಮಾ ಬೇಡ ಎಂದೇ ಹೇಳುತ್ತದೆ. ಆ ಒತ್ತಡ ಇಳಿಸುವ ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೊಟೈಡ್, ಆಂಟಿಬಯಾಟಿಕ್, ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಹಾಕುವುದು, ಹಿಮೋಗ್ಲೋಬಿನ್ 7–8 ಗ್ರಾಂ ಮಟ್ಟದಲ್ಲಿ ಇರುವಷ್ಟೇ ರಕ್ತ ಕೊಡುವುದು ಇವೇ ಅಲ್ಲಿ ಜೀವ ಉಳಿಸುವ ಕೆಲಸಗಳು. ಇವೆಲ್ಲ ಆದ ಮೇಲೂ ರಕ್ತ ನಿಲ್ಲದಿದ್ದರೆ ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ, ಫೈಬ್ರಿನೋಜನ್ 100–120 ಮಿ.ಗ್ರಾಂಗಿಂತ ಮೇಲೆ ಇರುವಂತೆ ನೋಡಿಕೊಳ್ಳುವುದು ಅನೇಕರ ರೂಢಿ. ಫೈಬ್ರಿನೋಜನ್‌ಗೆ ಪ್ಲಾಸ್ಮಾದಿಂದ ಬೇರ್ಪಡಿಸಿದ ಸಾಂದ್ರ ಅಂಶವಾದ ಕ್ರಯೊಪ್ರೆಸಿಪಿಟೇಟ್ ಕೊಟ್ಟರೆ ಕಡಿಮೆ ದ್ರವದಲ್ಲೇ ಕೆಲಸ ಆಗುತ್ತದೆ.

ಒತ್ತಿ ಹಿಡಿದು ರಕ್ತ ನಿಲ್ಲಿಸಲಾಗದ ದೊಡ್ಡ ಪ್ರಕ್ರಿಯೆಗಳಿಗೆ ಮೊದಲು ಪ್ಲೇಟ್‌ಲೆಟ್ 50,000ಕ್ಕಿಂತ ಮೇಲಿದ್ದರೆ ಏನೂ ಮಾಡಬೇಕಿಲ್ಲ. 20,000ದಿಂದ 50,000ದ ನಡುವೆ ಇದ್ದರೆ ರೋಗಿಯನ್ನು ನೋಡಿ ತೀರ್ಮಾನಿಸಬೇಕು. ಸೋಂಕು ಮತ್ತು ಮೂತ್ರಪಿಂಡದ ವೈಫಲ್ಯ ಇದ್ದರೆ ಅದೇ ಅಂಕಿಯಲ್ಲಿ ಅಪಾಯ ಹೆಚ್ಚು. ಥ್ರಾಂಬೊಎಲಾಸ್ಟೊಗ್ರಫಿ ಇರುವಲ್ಲಿ ಅದನ್ನು ಆಧರಿಸಿ ನಿರ್ಧರಿಸಬಹುದು: ಡೆ ಪಿಯೆಟ್ರಿ ಮತ್ತಿತರರ 2016ರ ಅಧ್ಯಯನದಲ್ಲಿ 60 ರೋಗಿಗಳ ಪೈಕಿ ಹಳೆಯ ಪದ್ಧತಿಯ ಗುಂಪಿನ ಎಲ್ಲರಿಗೂ ರಕ್ತಾಂಶ ಕೊಡಬೇಕಾಯಿತು, ಯಂತ್ರವನ್ನು ಆಧರಿಸಿದ ಗುಂಪಿನಲ್ಲಿ ನೂರಕ್ಕೆ 17 ಮಂದಿಗಷ್ಟೇ, ರಕ್ತಸ್ರಾವವೇನೂ ಹೆಚ್ಚಲಿಲ್ಲ.

ಹೆಪ್ಪು ತಡೆಯುವ ಔಷಧ ಕೊಡಬೇಕಾದಾಗ

ಐಎನ್‌ಆರ್ 2 ಇದೆ ಎಂದ ಮಾತ್ರಕ್ಕೆ ರೋಗಿಗೆ ವಾರ್ಫರಿನ್ ಕೊಟ್ಟಷ್ಟೇ ರಕ್ಷಣೆ ಸಿಕ್ಕಿದೆ ಎಂದು ಭಾವಿಸುವುದು ಅಪಾಯಕರ. ಇವರಿಗೂ ಪೋರ್ಟಲ್ ಸಿರೆಯಲ್ಲಿ, ಕಾಲಿನ ಸಿರೆಗಳಲ್ಲಿ ಹೆಪ್ಪುಗಟ್ಟುತ್ತದೆ. ಪಿಟಿ ಸಹಜವಾಗಿದ್ದು ಎಪಿಟಿಟಿ ಮಾತ್ರ ಉದ್ದವಾಗಿರುವುದು ಸಿರೋಸಿಸ್‌ನ ಲಕ್ಷಣವಲ್ಲ. ಹೆಪ್ಪುಗಟ್ಟಿದ ರೋಗಿಯಲ್ಲಿ ಹಾಗೆ ಕಂಡು, ಸಹಜ ಪ್ಲಾಸ್ಮಾ ಬೆರೆಸಿದರೂ ಸರಿಹೋಗದಿದ್ದರೆ ಹೆಪ್ಪುಗಟ್ಟುವಿಕೆಗೆ ದಾರಿಮಾಡುವ ಲೂಪಸ್ ಆಂಟಿಕೊಯಾಗ್ಯುಲಂಟ್ ಎಂಬ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕು, ಬಡ್-ಕಿಯಾರಿಯ ಕಾರಣವೇ ಅದಾಗಿರಬಹುದು.

ಚಿಕಿತ್ಸೆ ಶುರುವಾದ ಮೇಲೆ ಅಳತೆಗೋಲುಗಳೆಲ್ಲ ಇನ್ನಷ್ಟು ಅಡ್ಡಾದಿಡ್ಡಿಯಾಗುತ್ತವೆ. ಮೊದಲೇ ಐಎನ್‌ಆರ್ 1.8 ಇದ್ದವರಲ್ಲಿ ವಾರ್ಫರಿನ್ ಪ್ರಮಾಣವನ್ನು 2–3ರ ಗುರಿಯಿಂದ ಹೊಂದಿಸಿದರೆ ಔಷಧ ಸಾಲದೆ ಹೋಗುತ್ತದೆ. ಎಪಿಟಿಟಿ ಮೊದಲೇ ಉದ್ದವಿದ್ದರೆ ಸಾಮಾನ್ಯ ಹೆಪಾರಿನ್‌ನ ಕಥೆಯೂ ಇದೇ. ಹೆಪಾರಿನ್ ಜಾತಿಯ ಎನಾಕ್ಸಾಪರಿನ್ ಪಡೆಯುವವರಲ್ಲಿ ಅದರ ಪ್ರಭಾವ ಅಳೆಯುವ ಆಂಟಿ-ಟೆನ್-ಎ ಪರೀಕ್ಷೆ ಕಡಿಮೆ ತೋರುತ್ತದೆ, ಆಂಟಿಥ್ರಾಂಬಿನ್ ಕೊರತೆಯೇ ಅದಕ್ಕೆ ಕಾರಣ. ಆ ಅಂಕಿಯನ್ನು ನಂಬಿ ಪ್ರಮಾಣ ಏರಿಸಬಾರದು, ತೂಕ ಮತ್ತು ಮೂತ್ರಪಿಂಡದ ಸ್ಥಿತಿಯನ್ನು ನೋಡಿ ನಿಗದಿಪಡಿಸಿದ ಪ್ರಮಾಣವನ್ನೇ ಮುಂದುವರಿಸಬೇಕು. ಹೆಪ್ಪು ತಡೆಯುವ ಮಾತ್ರೆಯಾದ ರಿವರೊಕ್ಸಬ್ಯಾನ್ ಪಿಟಿಯನ್ನೇ ಉದ್ದ ಮಾಡುವುದರಿಂದ ಆ ಮಾತ್ರೆ ಸೇವಿಸುತ್ತಿರುವವರ ಐಎನ್‌ಆರ್‌ನಿಂದ ಯಕೃತ್ತಿನ ಸ್ಥಿತಿ ತಿಳಿಯುವುದಿಲ್ಲ, ಸಿರೋಸಿಸ್‌ನ ತೀವ್ರತೆಯನ್ನು ಹೇಳುವ ಚೈಲ್ಡ್-ಪ್ಯೂ ಶ್ರೇಣಿಯಲ್ಲಿ ಬಿ ಅಥವಾ ಸಿ ದರ್ಜೆಯವರಿಗೆ ಅದನ್ನು ಕೊಡಲೂಬಾರದು. ಪ್ರಯೋಗಾಲಯಕ್ಕೆ ಕಳಿಸುವ ಕೋರಿಕೆ ಚೀಟಿಯಲ್ಲಿ ಔಷಧದ ಹೆಸರು, ಕೊನೆಯ ಡೋಸ್ ಕೊಟ್ಟ ಗಂಟೆ, ರಕ್ತ ತೆಗೆದ ಜಾಗ ಈ ಮೂರನ್ನು ಬರೆದು ಕಳಿಸಿದರೆ, ವರದಿಗೆ ಸಹಿ ಹಾಕುವವರು ಅನುಮಾನ ಬಂದಾಗ ಫೋನು ಮಾಡಿ ಎಚ್ಚರಿಸಬಲ್ಲರು.